ಡಿಂಗಿ ರಿಪೇರಿಗೆ ಪ್ಲಾಸ್ಟಿಕ್ ಶೀಟ್: ಯಾವುದನ್ನು ಕೊಳ್ಳಬೇಕು, ಹೇಗೆ ಕೊಯ್ಯಬೇಕು

ಪ್ಲಾಸ್ಟಿಕ್ ಶೀಟಿನ ಅಂಗಡಿಯಲ್ಲಿ ಮೊದಲು ಕೇಳುವುದೇ "ಎಷ್ಟು ಎಂಎಂ ಬೇಕು ಸಾರ್?" ಎಂದು. ಡಿಂಗಿ, ಅಂದರೆ ಸಣ್ಣ ಹಾಯಿದೋಣಿಯ ರಿಪೇರಿಯ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಆ ತುಂಡು ದೋಣಿಯಲ್ಲಿ ಏನು ಕೆಲಸ ಮಾಡಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು: ಬಾಗಬೇಕೆ, ಜಾರಬೇಕೆ, ಬೋಲ್ಟಿನ ಬಿಗಿ ತಾಳಬೇಕೆ, ಅಂಟು ಹಿಡಿಯಬೇಕೆ? ಇದನ್ನು ಯೋಚಿಸದೆ ಕೊಂಡಾಗ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಪಾಲಿಕಾರ್ಬೊನೇಟ್ ಬೇಕಾದ ಕಡೆ ಅಕ್ರಿಲಿಕ್ ಹಾಕಿ, ದೋಣಿ ಮೊದಲ ಸಲ ಮಗುಚಿದಾಗಲೇ ಅದು ಸ್ಕ್ರೂ ತೂತಿನಿಂದ ಸೀಳುವುದು ಒಂದು. ಬಿಳಿ ಎಚ್‌ಡಿಪಿಇ (ಗಟ್ಟಿ ಪಾಲಿಎಥಿಲಿನ್) ಪಟ್ಟಿಯನ್ನು ಎಪಾಕ್ಸಿ ಅಂಟಿನಲ್ಲಿ ಅಂಟಿಸಿ, ಒಂದು ವಾರದಲ್ಲಿ ಅದು ಉಗುರಿಗೆ ಕಿತ್ತು ಬರುವುದು ಇನ್ನೊಂದು.

ಇಲ್ಲಿ ಹೇಳುವುದೆಲ್ಲ ಫೈಬರ್ ಇಲ್ಲವೇ ಪ್ಲೈವುಡ್ ಮೈಯ ಸಣ್ಣ ಹಾಯಿದೋಣಿಗಳಿಗೆ: ಎಂಟರ್‌ಪ್ರೈಸ್, ಫೈರ್‌ಬಾಲ್, 505, ಮಕ್ಕಳ ಆಪ್ಟಿಮಿಸ್ಟ್, ಈ ಬಗೆಯವು. ರೇಸಿಗೆ ಇಳಿಯುವ ದೋಣಿಯಾದರೆ ಕೊಯ್ಯುವ ಮುಂಚೆ ಆ ದರ್ಜೆಯ (ಕ್ಲಾಸ್, ಅಂದರೆ ಒಂದೇ ಮಾದರಿಯ ದೋಣಿಗಳ ಗುಂಪು) ನಿಯಮ ಪುಸ್ತಕ ತೆಗೆದು ನೋಡಿ. ಹಿಂದೆ ಲೇಸರ್ ಅನ್ನುತ್ತಿದ್ದ ಈಗಿನ ಐಎಲ್‌ಸಿಎ ದರ್ಜೆಯಲ್ಲಿ, ನಿಯಮದಲ್ಲಿ ಸ್ಪಷ್ಟವಾಗಿ ಅನುಮತಿ ಇಲ್ಲದ್ದನ್ನು ದೋಣಿಗೆ ಮಾಡುವಂತೆಯೇ ಇಲ್ಲ.

ಅಂಗಡಿಯಲ್ಲಿ ಗುರುತು ಹಿಡಿಯುವುದು

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಎಂಜಿನಿಯರಿಂಗ್ ಪ್ಲಾಸ್ಟಿಕ್ ಮಾರುವವರ ಬಳಿ ಇಡೀ ಶೀಟ್ ಕೊಳ್ಳಬೇಕಾಗಿಲ್ಲ. 8 ಅಡಿಗೆ 4 ಅಡಿಯ ಶೀಟು ಕೊಯ್ದು ಉಳಿದ ಕಟ್ ಪೀಸ್‌ಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ, ಡಿಂಗಿಗೆ ಅಷ್ಟೇ ಸಾಕು. ತೊಂದರೆ ಏನೆಂದರೆ ಕಟ್ ಪೀಸಿನ ಮೇಲೆ ಹೆಸರು ಇರುವುದಿಲ್ಲ. ಬಿಳಿಯದೆಲ್ಲ ನೈಲಾನ್, ಪಾರದರ್ಶಕವೆಲ್ಲ ಅಕ್ರಿಲಿಕ್ ಅನ್ನುವ ಅಂಗಡಿಗಳೂ ಇವೆ.

ಮೊದಲ ಪರೀಕ್ಷೆ ನೀರಿನದು. ಒಂದು ಲೋಟ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ (ಇಲ್ಲದಿದ್ದರೆ ನೀರಿನ ಮೇಲ್ಮೈ ಎಳೆತಕ್ಕೇ ಸಣ್ಣ ಚೂರು ತೇಲಿ ಮೋಸ ಮಾಡುತ್ತದೆ), ಉಗುರಿನಷ್ಟು ಚೂರನ್ನು ಮುಳುಗಿಸಿ ಬಿಡಿ. ಮೇಲೆ ಬಂದರೆ ಅದು ಎಚ್‌ಡಿಪಿಇ, ಅದಕ್ಕಿಂತ ಸವೆತ ತಾಳುವ ಯುಎಚ್‌ಎಂಡಬ್ಲ್ಯು ಪಾಲಿಎಥಿಲಿನ್ ಇಲ್ಲವೇ ಪಾಲಿಪ್ರೊಪಿಲಿನ್. ಮುಳುಗಿದರೆ ನೈಲಾನ್, ಅಸಿಟಾಲ್, ಪಿವಿಸಿ, ಅಕ್ರಿಲಿಕ್, ಪಾಲಿಕಾರ್ಬೊನೇಟ್‌ಗಳಲ್ಲಿ ಒಂದು. ಫೋಮ್ ಪಿವಿಸಿ, ಅಂದರೆ ಬೋರ್ಡ್ ಬರೆಯುವವರು ಬಳಸುವ ಸನ್‌ಬೋರ್ಡ್, ಒಳಗೆ ಗಾಳಿಗುಳ್ಳೆ ಇರುವುದರಿಂದ ತೇಲುತ್ತದೆ. ಆದರೆ ಅದನ್ನು ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ.

ಪಾರದರ್ಶಕ ಶೀಟಾದರೆ 5 ಮಿ.ಮೀ. ಅಗಲದ ಒಂದು ಕಡ್ಡಿ ಕೊಯ್ದು ಇಕ್ಕಳದಲ್ಲಿ ಹಿಡಿದು ಬಗ್ಗಿಸಿ. ಅಕ್ರಿಲಿಕ್ ಟಕ್ಕನೆ ಮುರಿಯುತ್ತದೆ. ಪಾಲಿಕಾರ್ಬೊನೇಟ್ ಮಡಚಿಕೊಳ್ಳುತ್ತದೆ, ಮುರಿಯುವುದಿಲ್ಲ. ಬೆಂಕಿಗೆ ಹಿಡಿದು ನೋಡುವ ಅಭ್ಯಾಸ ಕೆಲವರಿಗಿದೆ. ಪಾಲಿಎಥಿಲಿನ್ ಉರಿದರೆ ಮೇಣದ ಬತ್ತಿಯ ವಾಸನೆ, ನೈಲಾನ್ ಆದರೆ ಸುಟ್ಟ ಕೂದಲಿನ ವಾಸನೆ, ಅದು ನಿಜ. ಆದರೆ ಆ ಚೂರು ಪಿವಿಸಿ ಆಗಿದ್ದರೆ ಮೂಗಿಗೆ ಬರುವುದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ನೀರಿನ ಲೋಟವೇ ಸಾಕು.

ಪಾಲಿಕಾರ್ಬೊನೇಟ್ ಕೇಳುವಾಗ "ಸಾಲಿಡ್ ಶೀಟ್" ಎಂದು ಬಿಡಿಸಿ ಹೇಳಿ. ಬರೀ ಹೆಸರು ಹೇಳಿದರೆ ಕಾರ್ ಶೆಡ್ಡಿನ ಮೇಲೆ ಹಾಕುವ ಟೊಳ್ಳು ಮಲ್ಟಿವಾಲ್ ಶೀಟು ಕೈಗೆ ಬರುತ್ತದೆ. ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುವ ಲೇಪನ ಇದೆಯೇ ಎಂದೂ ಕೇಳಿ. ಹೆಚ್ಚಿನ ಶೀಟುಗಳಲ್ಲಿ ಲೇಪನ ಒಂದೇ ಮಗ್ಗುಲಿಗೆ ಇರುತ್ತದೆ, ಯಾವ ಮಗ್ಗುಲು ಅನ್ನುವುದು ಮೇಲಿನ ಫಿಲ್ಮಿನ ಮೇಲೆ ಅಚ್ಚಾಗಿರುತ್ತದೆ. ಫಿಲ್ಮ್ ಸುಲಿದ ಮೇಲೆ ಬರಿಗಣ್ಣಿಗೆ ಗುರುತು ಸಿಗುವುದಿಲ್ಲ. ಆ ಮಗ್ಗುಲಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ "ಹೊರಗೆ" ಎಂದು ಬರೆದುಬಿಡಿ.

ಯಾವ ಜಾಗಕ್ಕೆ ಯಾವುದು

ಜಾರುವ ಜಾಗಗಳಿಂದ ಶುರುಮಾಡೋಣ. ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಸರಿಯದಂತೆ ತಳದ ಸೀಳಿನಿಂದ ನೀರಿಗೆ ಇಳಿಸುವ ಹಲಗೆ) ಕೂರುವ ಕೇಸಿನೊಳಗೆ ಬೋರ್ಡು ಅಲುಗಾಡುತ್ತಿದ್ದರೆ ಎರಡು ಪಕ್ಕಕ್ಕೂ ಎಚ್‌ಡಿಪಿಇ ಅಥವಾ ಯುಎಚ್‌ಎಂಡಬ್ಲ್ಯು ಪಟ್ಟಿ ಹಾಕಬೇಕು. ಕೇಸಿನ ಒಳ ಅಗಲವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ನಾಲ್ಕು ಕಡೆ ಅಳೆಯಿರಿ, ಹಳೆಯ ದೋಣಿಯಲ್ಲಿ ನಾಲ್ಕೂ ಒಂದೇ ಇರುವುದು ಅಪರೂಪ. ಅತಿ ಕಿರಿದಾದ ಅಳತೆ 25 ಮಿ.ಮೀ., ಬೋರ್ಡಿನ ದಪ್ಪ 20 ಆದರೆ ನಡುವೆ ಉಳಿಯುವುದು 5. ಅದರಲ್ಲಿ ಒಂದೊಂದು ಪಕ್ಕಕ್ಕೆ 2 ಮಿ.ಮೀ. ಪಟ್ಟಿ ಹಾಕಿ 1 ಮಿ.ಮೀ. ಖಾಲಿ ಬಿಡಿ. ಮರದ ಬೋರ್ಡಾದರೆ ನೀರು ಕುಡಿದು ಉಬ್ಬುತ್ತದೆ, ಹಾಗಾಗಿ 1.5 ಪಟ್ಟಿ ಹಾಕಿ 2 ಮಿ.ಮೀ. ಬಿಡುವುದು ಲೇಸು. ಪಟ್ಟಿಯನ್ನು ಕೇಸಿನ ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದರೆ ಒಂದೊಂದು ಸ್ಕ್ರೂ ಕೂಡ ನಾಳೆ ನೀರು ಸೋರುವ ತೂತು. ಆದಷ್ಟೂ ಪಟ್ಟಿಯನ್ನು ಕೇಸಿನ ಮೇಲಂಚಿನ ತನಕ ಉದ್ದ ಬಿಟ್ಟು, ನೀರಿನ ಮಟ್ಟಕ್ಕಿಂತ ಮೇಲೆ ಬರುವ ಅಂಚಿನಲ್ಲೇ ಬಿಗಿಯಿರಿ.

ಚುಕ್ಕಾಣಿಯ ಅಲಗು ಮತ್ತು ಅದನ್ನು ಹಿಡಿಯುವ ಎರಡು ಕೆನ್ನೆಗಳ ನಡುವಿನ ವಾಷರಿಗೆ ಅಸಿಟಾಲ್ (ಅಂಗಡಿಯಲ್ಲಿ ಡೆಲ್ರಿನ್ ಅನ್ನಿ) ಅಥವಾ ಯುಎಚ್‌ಎಂಡಬ್ಲ್ಯು, 1ರಿಂದ 1.5 ಮಿ.ಮೀ. ದಪ್ಪದ್ದು. ನೈಲಾನ್ ಇಲ್ಲಿ ಬೇಡ. ಸುಲಭವಾಗಿ ಸಿಗುತ್ತದೆ ಎಂದು ಎಲ್ಲರೂ ಅದನ್ನೇ ಹಾಕುತ್ತಾರೆ. ನೈಲಾನ್ 6 ಪೂರ್ತಿ ನೆನೆದರೆ ತನ್ನ ತೂಕದ ನೂರಕ್ಕೆ 9ರಷ್ಟು ನೀರು ಹೀರಿ ಉಬ್ಬುತ್ತದೆ. ಶೆಡ್ಡಿನಲ್ಲಿ ಹಗುರಾಗಿ ಮೇಲೇಳುತ್ತಿದ್ದ ಅಲಗು ನೀರಿನಲ್ಲಿ ಕಳೆದ ದಿನದ ಕೊನೆಗೆ ಕಚ್ಚಿಕೊಂಡು, ದಡ ಹತ್ತಿರವಾದಾಗ ಏಳದೆ ನೆಲಕ್ಕೆ ತಾಗುವುದು ಇದೇ ಕಾರಣಕ್ಕೆ. ಅಸಿಟಾಲ್ ಹೀರುವುದು ನೂರಕ್ಕೆ 1ಕ್ಕಿಂತ ಕಡಿಮೆ.

ಬೋಲ್ಟಿನ ಹಿಂದೆ ಕೂರುವ ಪ್ಯಾಡಿಗೆ, ಅಂದರೆ ಕಾಲುಪಟ್ಟಿಯ (ದೋಣಿಯಿಂದ ಹೊರಗೆ ವಾಲುವಾಗ ಪಾದ ಸಿಕ್ಕಿಸುವ ಪಟ್ಟಿ) ಕೊಂಡಿ, ಜಿಬ್ ಕ್ಲೀಟ್ (ಮುಂದಿನ ಹಾಯಿಯ ಹಗ್ಗ ಕಚ್ಚಿ ಹಿಡಿಯುವ ಹಿಡಿಕೆ), ಚುಕ್ಕಾಣಿಯ ಕೀಲುಗಳ ಹಿಂದೆ ಕೊಡುವ ತುಂಡಿಗೆ, ಇದಕ್ಕೆ ತದ್ವಿರುದ್ಧ ಗುಣ ಬೇಕು. ಎಚ್‌ಡಿಪಿಇ ಸತತ ಒತ್ತಡದಲ್ಲಿ ಮೆಲ್ಲಗೆ ಹರಿದು ತೆಳುವಾಗುತ್ತದೆ, ನಟ್ ತಾನಾಗಿ ಸಡಿಲವಾಗುತ್ತದೆ. ಇಲ್ಲಿ ಬೇಕಾದದ್ದು 3ರಿಂದ 5 ಮಿ.ಮೀ. ಗ್ಲಾಸ್ ಎಪಾಕ್ಸಿ ಶೀಟು, ವಿದ್ಯುತ್ ಪ್ಯಾನೆಲ್ ಮಾಡುವವರ ಬಳಿ ಸಿಗುವ ತಿಳಿ ಹಸಿರು ಬಣ್ಣದ್ದು. ಅದು ಎಪಾಕ್ಸಿಯಲ್ಲಿ ಚೆನ್ನಾಗಿ ಅಂಟುತ್ತದೆ. ಹೈಲಂ (ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ) ಶೀಟೂ ನೋಡಲು ಗಟ್ಟಿಯೇ, ಆದರೆ ಕಾಗದದ ಪದರದ ಹೈಲಂ ಅಂಚಿನಿಂದ ನೀರು ಕುಡಿದು ಪದರ ಬಿಡುತ್ತದೆ.

ಹಿಂಬದಿಯ ನೀರು ಬಾಗಿಲು (ಒಳಗಿನ ನೀರು ಹೊರಹೋಗುವ ಕಿಂಡಿಯ ಮುಚ್ಚಳ), ಬಗ್ಗಬೇಕಾದ ಮುಚ್ಚಳ, ಪೆಟ್ಟು ಬೀಳುವ ಕಡೆ ಪಾಲಿಕಾರ್ಬೊನೇಟ್. ಅಕ್ರಿಲಿಕ್ ಬಿಸಿಲಿಗೆ ಹಳದಿಯಾಗುವುದಿಲ್ಲ, ಗೀರೂ ಕಡಿಮೆ, ಆದರೆ ಕಾಲು ಬೀಳುವ ಜಾಗಕ್ಕೆ ಅದು ತರವಲ್ಲ. ಬಿಸಿಲಿನಲ್ಲಿ ಉಳಿಯುವ ಎಚ್‌ಡಿಪಿಇ ಪಟ್ಟಿಗೆ ಕಪ್ಪು ಬಣ್ಣದ್ದನ್ನೇ ಆರಿಸಿ. ಅದರಲ್ಲಿರುವ ಇಂಗಾಲದ ಪುಡಿ ಯುವಿ ತಡೆಯುತ್ತದೆ, ಬಣ್ಣವಿಲ್ಲದ ಬಿಳಿಯದು ಬೇಗ ಪೆಡಸಾಗುತ್ತದೆ.

ದೋಣಿಯ ಮೈಯೇ ಪ್ಲಾಸ್ಟಿಕ್ ಆಗಿದ್ದರೆ ವಿಷಯ ಬೇರೆ. ಅದಕ್ಕೆ ತೇಪೆ ಅಂಟುವುದಿಲ್ಲ, ಬಿಸಿಗಾಳಿಯಲ್ಲಿ ಬೆಸೆಯಬೇಕು, ಮತ್ತು ಶೀಟು, ಬೆಸುಗೆ ಕಡ್ಡಿ, ಮೈ ಮೂರೂ ಒಂದೇ ಜಾತಿಯದಾಗಿರಬೇಕು. ಇಯಾನ್ ಪ್ರಾಕ್ಟರ್ ವಿನ್ಯಾಸದ ಟಾಪರ್ ದೋಣಿಯ ಮೈ ಪಾಲಿಪ್ರೊಪಿಲಿನ್. ಅದಕ್ಕೆ ಪಾಲಿಎಥಿಲಿನ್ ಕಡ್ಡಿ ಕರಗಿಸಿ ಹಚ್ಚಿದರೆ ಹಿಡಿದಂತೆ ಕಂಡು ಆಮೇಲೆ ಸಿಪ್ಪೆಯಂತೆ ಏಳುತ್ತದೆ.

ಕೊಯ್ಯುವುದು

ಪ್ಲಾಸ್ಟಿಕ್ ಕೊಯ್ಯುವಾಗ ಕೆಡಿಸುವುದು ಬಿಸಿ. ಲೋಹ ಬಿಸಿಯನ್ನು ಬೇಗ ಹರಡಿಬಿಡುತ್ತದೆ. ಪ್ಲಾಸ್ಟಿಕ್ ಹಾಗಲ್ಲ, ಬಿಸಿ ಹಲ್ಲಿನ ಬುಡದಲ್ಲೇ ಉಳಿದು ಪುಡಿಯನ್ನು ಕರಗಿಸುತ್ತದೆ. ಅಕ್ರಿಲಿಕ್‌ನಲ್ಲಿ ಬ್ಲೇಡು ಮುಂದೆ ಹೋದಂತೆ ಹಿಂದಿನ ಗಾಯ ಕರಗಿ ಮತ್ತೆ ಬೆಸೆದುಕೊಂಡು, ಒಂದಡಿ ಕೊಯ್ದ ಮೇಲೆ ನೋಡಿದರೆ ಶೀಟು ಇಡಿಯಾಗಿಯೇ ಇರುತ್ತದೆ. ಹಾಗಾದರೆ ಜಿಗ್‌ಸಾ (ಬ್ಲೇಡು ಮೇಲೆ ಕೆಳಗೆ ಆಡುವ ವಿದ್ಯುತ್ ಗರಗಸ) ವೇಗ ಇಳಿಸಿ, ಹಲ್ಲು ದೊಡ್ಡದಿರುವ ಬ್ಲೇಡು ಹಾಕಿ, ಒತ್ತದೆ ಆದರೆ ನಿಲ್ಲದೆ ತಳ್ಳಿ. ಒಂದೇ ಜಾಗದಲ್ಲಿ ತಡೆದು ನಿಂತಷ್ಟೂ ಕರಗುತ್ತದೆ.

3 ಮಿ.ಮೀ. ಪಾಲಿಕಾರ್ಬೊನೇಟ್‌ಗೆ ಇಂಚಿಗೆ 10ರಿಂದ 14 ಹಲ್ಲಿನ ಜಿಗ್‌ಸಾ ಬ್ಲೇಡು, ಮಧ್ಯಮ ವೇಗ, ಬ್ಲೇಡು ಹಿಂದೆ ಮುಂದೆ ತೂಗುವ ಆರ್ಬಿಟಲ್ ಚಲನೆ ಬಂದ್. ಕೈಯಲ್ಲಿ ಕೊಯ್ಯುವುದಾದರೆ ಇಂಚಿಗೆ 18 ಹಲ್ಲಿನ ಹ್ಯಾಕ್‌ಸಾ. ಶೀಟಿನ ಫಿಲ್ಮ್ ತೆಗೆಯಬೇಡಿ, ಗುರುತನ್ನು ಅದರ ಮೇಲೇ ಸಣ್ಣ ಮಾರ್ಕರಿನಲ್ಲಿ ಎಳೆಯಿರಿ. ಮೊಳೆಯಲ್ಲಿ ಗೀಚಿ ಗುರುತು ಹಾಕಿದರೆ ಆ ಗೀರೇ ಮುಂದೆ ಬಿರುಕಾಗುತ್ತದೆ. ಶೀಟನ್ನು ಎರಡು ಹಳೆಯ ಪ್ಲೈವುಡ್ ತುಂಡುಗಳ ನಡುವೆ ಕ್ಲ್ಯಾಂಪ್ ಮಾಡಿ, ಗುರುತಿನಿಂದ 10 ಮಿ.ಮೀ.ಗಿಂತ ಹೆಚ್ಚು ಹೊರಗೆ ಚಾಚದಂತೆ ಹಿಡಿಯಬೇಕು. ಶೀಟು ಪಟಪಟ ಹೊಡೆದುಕೊಂಡರೆ ಅಂಚು ಚಕ್ಕೆ ಏಳುತ್ತದೆ. ಒಳಮೂಲೆ ಇದ್ದರೆ ಮೊದಲು ಅಲ್ಲಿ 6 ಮಿ.ಮೀ. ತೂತು ಕೊರೆದು, ಗರಗಸವನ್ನು ಆ ತೂತಿನಲ್ಲಿ ಮುಗಿಸಿ. ಚೂಪು ಒಳಮೂಲೆ ಎಲ್ಲಿದ್ದರೂ ಬಿರುಕು ಅಲ್ಲಿಂದಲೇ.

ಚಾಕುವಿನಿಂದ ಗೀರಿ ಮುರಿಯುವ ವಿಧಾನ ಅಕ್ರಿಲಿಕ್‌ಗೆ ಮಾತ್ರ, ಅದೂ ನೇರ ಗೆರೆಗೆ, 4-5 ಮಿ.ಮೀ. ದಪ್ಪದ ತನಕ. ಪಾಲಿಕಾರ್ಬೊನೇಟ್ ಹಾಗೆ ಮುರಿಯುವುದಿಲ್ಲ.

ಕೊಯ್ದ ಅಂಚನ್ನು ಹಾಗೇ ಬಿಡಬೇಡಿ. ಹಳೆಯ ಹ್ಯಾಕ್‌ಸಾ ಬ್ಲೇಡಿನ ಬೆನ್ನನ್ನು ಲಂಬವಾಗಿ ಹಿಡಿದು ಅಂಚಿನ ಉದ್ದಕ್ಕೂ ಎಳೆದರೆ ತೆಳ್ಳನೆ ಸುರುಳಿ ಬರುತ್ತದೆ. ಗರಗಸದ ಗೆರೆಗಳು ಹೋಗುವ ತನಕ ಹೀಗೆ ಹೆರೆದು, ಆಮೇಲೆ 180, 320 ನಂಬರಿನ ವಾಟರ್ ಪೇಪರನ್ನು ನೀರು ಹಚ್ಚಿ ಆಡಿಸಿ. ಇದು ಅಂದಕ್ಕಲ್ಲ, ಗರಗಸದ ಒಂದೊಂದು ಕಚ್ಚೂ ಒಂದೊಂದು ಬಿರುಕಿನ ಬೀಜ.

ಎಚ್‌ಡಿಪಿಇ ಮರದ ಸಾಮಾನಿಗೇ ಒಗ್ಗುತ್ತದೆ: ಇಂಚಿಗೆ 6ರಿಂದ 10 ಹಲ್ಲಿನ ಮರದ ಗರಗಸ, ಹರಿತವಾದ ಕೀಸುಳಿ. ವಾಟರ್ ಪೇಪರ್ ಇಲ್ಲಿ ನಿಷ್ಪ್ರಯೋಜಕ, ಉಜ್ಜಿದಷ್ಟೂ ನೂಲು ಏಳುತ್ತದೆ. ಉದ್ದ ಪಟ್ಟಿ ಕೊಯ್ದಾಗ ಶೀಟಿನೊಳಗಿನ ಬಿಗುವು ಬಿಟ್ಟು ಪಟ್ಟಿ ಬಿಲ್ಲಿನಂತೆ ಬಾಗುವುದುಂಟು. ಅದಕ್ಕೇ 3 ಮಿ.ಮೀ. ಹೆಚ್ಚು ಅಗಲ ಕೊಯ್ದು ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಕೀಸಿ ನೇರ ಮಾಡಿಕೊಳ್ಳಿ.

ಗ್ಲಾಸ್ ಎಪಾಕ್ಸಿ ಹ್ಯಾಕ್‌ಸಾ ಬ್ಲೇಡನ್ನು ನೋಡುನೋಡುತ್ತಲೇ ಮೊಂಡು ಮಾಡುತ್ತದೆ. ಎರಡು ಮೂರು ಬ್ಲೇಡು ಹತ್ತಿರ ಇಟ್ಟುಕೊಳ್ಳಿ, ಬಯಲಿನಲ್ಲಿ ನೀರು ಹನಿಸುತ್ತಾ ಕೈಗರಗಸದಲ್ಲೇ ಕೊಯ್ಯಿರಿ, ಮೂಗಿಗೆ ಎನ್95 ಮಾಸ್ಕ್, ಕೈಗೆ ಉದ್ದ ತೋಳಿನ ಅಂಗಿ. ಗಾಜಿನ ಪುಡಿ ಚರ್ಮಕ್ಕೆ ಹತ್ತಿದರೆ ಎರಡು ದಿನ ಕಡಿತ.

ಲೇಸರ್ ಕಟಿಂಗ್ ಅಂಗಡಿಗೆ ಕೊಡುವ ಆಸೆಯಾದರೆ: ಅಕ್ರಿಲಿಕ್ ಚೆನ್ನಾಗಿ ಬರುತ್ತದೆ, ಪಾಲಿಕಾರ್ಬೊನೇಟ್ ಕಂದಾಗಿ ಸುಡುತ್ತದೆ. ಪಿವಿಸಿಯನ್ನು ಮಾತ್ರ ಬೇರೆ ಹೆಸರು ಹೇಳಿ ಕೊಡಲೇಬೇಡಿ, ಅದರ ಹೊಗೆ ಕೆಲಸಗಾರನ ಶ್ವಾಸಕೋಶವನ್ನೂ ಯಂತ್ರವನ್ನೂ ತಿನ್ನುತ್ತದೆ. ಪಾಲಿಕಾರ್ಬೊನೇಟ್‌ಗೆ ಸಿಎನ್‌ಸಿ ರೌಟರ್ ಸರಿ.

ತೂತು, ಸ್ಕ್ರೂ, ಅಂಟು

ಪ್ಲಾಸ್ಟಿಕ್ ಬಿಸಿಲಿಗೆ ಫೈಬರಿಗಿಂತ ಎಷ್ಟೋ ಹೆಚ್ಚು ಹಿಗ್ಗುತ್ತದೆ. 1 ಮೀಟರ್ ಉದ್ದದ ಎಚ್‌ಡಿಪಿಇ ಪಟ್ಟಿ 30 ಡಿಗ್ರಿ ಬಿಸಿಯೇರಿದರೆ ಸುಮಾರು 4 ಮಿ.ಮೀ. ಬೆಳೆಯುತ್ತದೆ. ಎರಡೂ ತುದಿ ಬಿಗಿದಿದ್ದರೆ ನಡುವೆ ಗೂನು ಬೀಳಲೇಬೇಕು. ಆದ್ದರಿಂದ ನಡುವಿನ ಒಂದು ತೂತು ಮಾತ್ರ ಸ್ಕ್ರೂ ಅಳತೆಗೆ ಸರಿಯಾಗಿರಲಿ, ಉಳಿದವನ್ನು ಪಟ್ಟಿಯ ಉದ್ದಕ್ಕೆ 4-5 ಮಿ.ಮೀ. ಜಾಗ ಸಿಗುವಂತೆ ಉದ್ದುದ್ದ ಮಾಡಿ. ಪಾಲಿಕಾರ್ಬೊನೇಟ್‌ನ ಹಿಗ್ಗು ಇದರ ಅರ್ಧದಷ್ಟು, 4 ಮಿ.ಮೀ. ಸ್ಕ್ರೂಗೆ 5.5 ಮಿ.ಮೀ. ತೂತು ಸಾಕು. ತೂತಿನ ನಡುವಿನಿಂದ ಶೀಟಿನ ಅಂಚಿಗೆ ತೂತಿನ ಅಗಲದ ಎರಡೂವರೆ ಪಟ್ಟು ದೂರ ಇರಬೇಕು.

ಹೊಸ ಡ್ರಿಲ್ ಬಿಟ್ ಅಕ್ರಿಲಿಕ್ ಒಳಗೆ ಸ್ಕ್ರೂನಂತೆ ತಾನೇ ಎಳೆದುಕೊಂಡು ಹೋಗಿ ಹಿಂದಿನ ಮಗ್ಗುಲನ್ನು ಒಡೆಯುತ್ತದೆ. ಬಿಟ್ಟಿನ ಎರಡೂ ಕತ್ತರಿಸುವ ಅಂಚನ್ನು ಸಾಣೆಕಲ್ಲಿಗೆ ಒಮ್ಮೆ ತಾಗಿಸಿ ಚಪ್ಪಟೆ ಮಾಡಿಕೊಂಡರೆ ಅದು ಕೆರೆಯುತ್ತದೆ, ಕಚ್ಚುವುದಿಲ್ಲ. ಕೆಳಗೆ ಮರದ ತುಂಡು ಒತ್ತಿ ಹಿಡಿದಿರಲಿ.

ಅಕ್ರಿಲಿಕ್, ಪಾಲಿಕಾರ್ಬೊನೇಟ್‌ಗೆ ಕೌಂಟರ್‌ಸಿಂಕ್ ಸ್ಕ್ರೂ ಹಾಕಬಾರದು, ಅದರ ಶಂಕುವಿನ ತಲೆ ತೂತನ್ನು ಬೆಣೆ ಹೊಡೆದು ಸೀಳುತ್ತದೆ. ತಲೆಯ ತಳ ಚಪ್ಪಟೆ ಇರುವ ಪ್ಯಾನ್ ಹೆಡ್ ಸ್ಕ್ರೂ, ಅಗಲ ವಾಷರ್, ಹಿಂದೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ಸಡಿಲವಾಗದ್ದು), ಎಲ್ಲ ಎಸ್‌ಎಸ್ 316 ಸ್ಟೇನ್‌ಲೆಸ್ ಸ್ಟೀಲಿನದು. ಬಿಗಿ ಸಿಕ್ಕ ಮೇಲೆ ಕಾಲು ಸುತ್ತು ಸಡಿಲಿಸಿ. ನಟ್ ಕದಲದಂತೆ ಹಚ್ಚುವ ಲಾಕ್‌ಟೈಟ್ ಬಗೆಯ ದ್ರವ ಪಾಲಿಕಾರ್ಬೊನೇಟ್‌ಗೆ ತಾಗಿದರೆ ತೂತಿನ ಸುತ್ತ ಸಣ್ಣ ಸಣ್ಣ ಬಿರುಕಿನ ಜಾಲ ಮೂಡುತ್ತದೆ. ಪೇಂಟ್ ಅಂಗಡಿಯ ಥಿನ್ನರ್, ಅಸಿಟೋನ್, ಫೆವಿಕ್ವಿಕ್ ಇವುಗಳೂ ಹಾಗೇ. ಮೃದು ಪಿವಿಸಿ ಕೂಡ, ಅದರಲ್ಲಿನ ಮೆದುಕಾರಕ ಒಸರಿ ತಿಂಗಳುಗಳಲ್ಲಿ ಅದೇ ಕೆಲಸ ಮಾಡುತ್ತದೆ. ಶುಚಿ ಮಾಡಲು ಸೋಪಿನ ನೀರು ಸಾಕು. ಸೀಲಿಗೆ ಎಂಎಸ್ ಪಾಲಿಮರ್ ಅಥವಾ ನ್ಯೂಟ್ರಲ್ ಸಿಲಿಕೋನ್ ತನ್ನಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಬೇಡ.

ಒಂದು ಪೂರ್ತಿ ಕೆಲಸ: ಹಿಂಬದಿಯ ನೀರು ಬಾಗಿಲು

ಫೈರ್‌ಬಾಲ್, 505ರಂಥ ದೋಣಿಗಳ ಹಿಂಗೋಡೆಯಲ್ಲಿ ಎರಡು ಕಿಂಡಿ ಇದ್ದು, ಮಗುಚಿ ಎದ್ದ ದೋಣಿಯ ನೀರು ಅಲ್ಲಿಂದ ಹೊರಹೋಗುತ್ತದೆ. ಬಾಗಿಲು ಹೊರಮಗ್ಗುಲಲ್ಲಿ, ಮೇಲಂಚಿಗೆ ಕೀಲು, ಒಳಗಿನಿಂದ ಎಲಾಸ್ಟಿಕ್ ಹಗ್ಗ ಎಳೆದು ಮುಚ್ಚಿರುತ್ತದೆ.

ಕಿಂಡಿ 240ಕ್ಕೆ 110 ಮಿ.ಮೀ. ಎಂದಿಟ್ಟುಕೊಳ್ಳಿ. ಸುತ್ತ 15 ಮಿ.ಮೀ. ಮೇಲುಹೊದಿಕೆ ಸೇರಿಸಿದರೆ ಬಾಗಿಲು 270ಕ್ಕೆ 140. ಒಂದಡಿ ಚದರದ ಒಂದೇ ಕಟ್ ಪೀಸಿನಲ್ಲಿ ಎರಡೂ ಬಾಗಿಲು ಬರುತ್ತವೆ, ಗರಗಸದ ಗಾಯಕ್ಕೂ ಜಾಗ ಉಳಿಯುತ್ತದೆ. ದಪ್ಪ 2 ಮಿ.ಮೀ. ಸಾಕು. 3 ಆದರೆ ಗಟ್ಟಿ ಹೌದು, ಆದರೆ ಸ್ವಲ್ಪ ಉಬ್ಬಿದ ಹಿಂಗೋಡೆಗೆ ಅಂಟಿಕೊಂಡು ಕೂರುವುದಿಲ್ಲ. ಮೊದಲು ಕ್ಯಾಲೆಂಡರಿನ ದಪ್ಪ ರಟ್ಟಿನಲ್ಲಿ ಅಚ್ಚು ಕತ್ತರಿಸಿ ದೋಣಿಗೆ ಹಿಡಿದು ನೋಡಿ, ಚುಕ್ಕಾಣಿ ಪೂರ್ತಿ ತಿರುಗಿದಾಗ ತಾಗುತ್ತದೆಯೇ ಎಂದೂ ಪರೀಕ್ಷಿಸಿ. ನಾಲ್ಕು ಮೂಲೆಗೂ 15 ಮಿ.ಮೀ. ತ್ರಿಜ್ಯದ ದುಂಡು ಕೊಡಿ.

ಕೀಲಿಗೆ ಲಾರಿ ಟಾರ್ಪಾಲಿನ್ ಬಟ್ಟೆ ಚೆನ್ನ ಅನ್ನಿಸಬಹುದು. ಅದರ ಮೇಲಿರುವುದು ಮೃದು ಪಿವಿಸಿ, ಆದ್ದರಿಂದ ಬೇಡ. ಹರಿದ ಹಳೆಯ ಡೇಕ್ರಾನ್ ಹಾಯಿಯಿಂದ 60 ಮಿ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ ಒಂದರ ಮೇಲೊಂದು ಇಡಿ. ಅರ್ಧ ಬಾಗಿಲಿಗೆ, ಅರ್ಧ ಹಿಂಗೋಡೆಗೆ. ಎರಡು ಕಡೆಯೂ ಬಟ್ಟೆಯ ಮೇಲೆ 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎಚ್‌ಡಿಪಿಇ ಪಟ್ಟಿ ಒತ್ತಿ ನಾಲ್ಕು ನಾಲ್ಕು ಸ್ಕ್ರೂ. ಬಾಗಿಲಿನ ಅಂಚಿಗೂ ಹಿಂಗೋಡೆಯ ಪಟ್ಟಿಗೂ ನಡುವೆ 5 ಮಿ.ಮೀ. ಬಟ್ಟೆ ಬರಿದಾಗಿ ಉಳಿಯಬೇಕು, ಇಲ್ಲದಿದ್ದರೆ ಬಾಗಿಲು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಹಿಂಗೋಡೆಯ ಸ್ಕ್ರೂ ತೂತುಗಳಿಗೆ ಸೀಲಂಟ್ ತುಂಬಿ. ಪ್ಲೈವುಡ್ ದೋಣಿಯಾದರೆ ತೂತಿನ ಒಳಗೋಡೆಗೆ ಮೊದಲು ಎಪಾಕ್ಸಿ ಕುಡಿಸಿ.

ಎಲಾಸ್ಟಿಕ್ ಹಗ್ಗ 5 ಮಿ.ಮೀ.ದು, ಅದಕ್ಕೆ 6 ಮಿ.ಮೀ. ತೂತು. ಇಲ್ಲಿ ಎಲ್ಲರೂ ನಡುವೆ ಒಂದೇ ತೂತು ಕೊರೆಯುತ್ತಾರೆ, ಆಮೇಲೆ ಕೆಳಗಿನ ಎರಡು ಮೂಲೆ ಎದ್ದು ನೀರು ಸೋರುತ್ತದೆ. ಎರಡು ತೂತು ಇರಲಿ: ಕೆಳಂಚಿನಿಂದ 35, ಪಕ್ಕದಂಚಿನಿಂದ 45 ಮಿ.ಮೀ. ಒಳಗೆ. ಹೊರಗೆ 20 ಮಿ.ಮೀ. ಅಗಲದ ಎಚ್‌ಡಿಪಿಇ ವಾಷರ್ ಹಾಕಿ ಗಂಟು. ಒಳಗೆ ಎರಡೂ ತುದಿಯನ್ನು ಒಂದೇ ಹಗ್ಗಕ್ಕೆ ಸೇರಿಸಿ, ಕೂತಲ್ಲಿಂದ ಕೈಗೆಟುಕುವ ಕ್ಲೀಟಿಗೆ ತನ್ನಿ. ಕಿಂಡಿಯ ಸುತ್ತ ಹಿಂಗೋಡೆಗೆ 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ನಿಯೋಪ್ರೀನ್ ಫೋಮ್ ಪಟ್ಟಿ ಅಂಟಿಸಿ. ಅದರ ತುದಿಗಳು ಕೂಡುವ ಜಾಗ ಮೇಲ್ಗಡೆ ಬರಲಿ.

ಪರೀಕ್ಷೆಗೆ ದೋಣಿಯನ್ನು ಟ್ರಾಲಿಯ ಮೇಲೆ ಹಿಂಬದಿ ತಗ್ಗಾಗುವಂತೆ ನಿಲ್ಲಿಸಿ, ಹೊರಗಿನಿಂದ ಬಾಗಿಲಿನ ಅಂಚಿಗೆ ಹೋಸ್ ಪೈಪಿನಲ್ಲಿ ನೀರು ಬಿಡಿ. ಒಳಗೆ ಹನಿ ಹನಿ ಬಂದರೆ ಚಿಂತೆಯಿಲ್ಲ, ಧಾರೆಯಾಗಿ ಬಂದರೆ ಫೋಮ್ ಎಲ್ಲೋ ಒತ್ತಿಲ್ಲ ಎಂದರ್ಥ. ಬಾಗಿಲಿನ ಒಳಮೈಗೆ ಸೀಮೆಸುಣ್ಣ ಬಳಿದು ಮುಚ್ಚಿ ತೆಗೆದರೆ ಫೋಮ್ ಮೇಲೆ ಗುರುತು ಬೀಳದ ಜಾಗ ಕಾಣುತ್ತದೆ.

ಸೆಂಟರ್‌ಬೋರ್ಡ್ ಸೀಳಿನ ಗಾಸ್ಕೆಟ್

ದೋಣಿಯ ತಳದ ಸೀಳನ್ನು ಎರಡು ಕಡೆಯಿಂದ ಮುಚ್ಚುವ ತೆಳು ಪಟ್ಟಿಗೆ ಬೇಕಾದದ್ದು 0.25ರಿಂದ 0.35 ಮಿ.ಮೀ. ಪಾಲಿಯೆಸ್ಟರ್ ಫಿಲ್ಮ್. ಇದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಮಿಲಿನೆಕ್ಸ್ ಪೇಪರ್ ಎಂದು ಕೇಳಿ. ಗಾಜಿನ ಮೇಲೆ ಹಾಸಿ, ಸ್ಟೀಲ್ ಸ್ಕೇಲ್ ಒತ್ತಿ, ಹೊಸ ಬ್ಲೇಡಿನಲ್ಲಿ ಹಗುರಾಗಿ ಎರಡು ಮೂರು ಸಲ ಎಳೆದು ಕೊಯ್ಯಿರಿ. ಒಂದೇ ಸಲ ಒತ್ತಿ ಎಳೆದರೆ ಅಂಚು ಅಲೆಅಲೆಯಾಗಿ, ನೀರಿನಲ್ಲಿ ಅದರುತ್ತಾ ಸಿಳ್ಳೆ ಹಾಕುತ್ತದೆ. ಹೊಳಪು ಫಿಲ್ಮಿಗೆ ಅಂಟು ಹಿಡಿಯದು, ಅಂಟುವ ಭಾಗವನ್ನು 180 ಪೇಪರಿನಲ್ಲಿ ಮಂಕು ಮಾಡಿ, ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟನ್ನು ಎರಡೂ ಮೈಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಿ. ಎರಡು ಪಟ್ಟಿ ನಡುಗೆರೆಯಲ್ಲಿ ಒಂದಕ್ಕೊಂದು ತಾಗಬೇಕು, ಒಂದರ ಮೇಲೊಂದು ಏರಬಾರದು. ಏರಿದರೆ ಬೋರ್ಡು ಮೇಲೆತ್ತುವಾಗ ಕೆಳಗಿನ ಪಟ್ಟಿ ಒಳಗೆ ಮಡಚಿ ಸಿಕ್ಕಿಕೊಳ್ಳುತ್ತದೆ.

ಪಾಲಿಯೆಸ್ಟರ್ ಫಿಲ್ಮಿಗೆ ಬಿಸಿಲು ಆಗುವುದಿಲ್ಲ. ದೋಣಿಯನ್ನು ಬೋರಲು ಹಾಕಿ ಇಡುವ ಕ್ಲಬ್ಬುಗಳಲ್ಲಿ ತಳದ ಮೇಲೆ ಗಾಸ್ಕೆಟ್ ಮುಚ್ಚುವಷ್ಟು ಹಳೆಯ ಬಟ್ಟೆ ಹೊದಿಸಿ. ಅಂಚು ಪುಡಿಯಾಗಿ ಉದುರಲು ಶುರುವಾದರೆ ಎರಡು ಪಟ್ಟಿಯನ್ನೂ ಒಟ್ಟಿಗೇ ಬದಲಿಸಿ.